ಮರವೇರುವ ವಿದ್ಯೆ: ತಳೆಯಿಂದ ಒಂಟಿ ಹಗ್ಗದವರೆಗೆ

ನಮ್ಮ ಮನೆಯ ಪಡುಬದಿಯಲ್ಲಿ ಅಜ್ಜಂದಿರ ಕಾಲದ ಒಂದು ಹಲಸಿನ ಮರವಿದೆ. ಅದರ ಹೆಗ್ಗೊಂಬೆಯೊಂದು ಕೆಲವು ವರುಷಗಳಿಂದ ಮೆಲ್ಲಮೆಲ್ಲನೆ ಅಡುಗೆಮನೆಯ ಮಾಡಿನ ಮೇಲಕ್ಕೆ ಚಾಚುತ್ತ ಬಂದಿತ್ತು. ಅದನ್ನು ಕಡಿಸಬೇಕೆಂದು ಪ್ರತಿ ಬೇಸಗೆಯಲ್ಲಿಯೂ ನಿಶ್ಚಯಿಸುವುದು, ಹತ್ತುವವರು ದೊರೆಯದೆ ಮಳೆ ಬಂದುಬಿಡುವುದು, ಮಳೆಗಾಲವಿಡೀ ಗಾಳಿಯ ಸದ್ದಿಗೆ ಎಚ್ಚತ್ತು ಮಾಡಿನತ್ತ ಕಿವಿಗೊಡುವುದು: ಇದು ನಮ್ಮೊಂದು ಮನೆಯ ಕಥೆಯಲ್ಲವೆಂಬುದನ್ನು ಓದುಗ ಬಂಧುಗಳು ಬಲ್ಲರು. ಕುಂಬಳೆಯಿಂದ ಅಡೂರಿನವರೆಗೆ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ನಮ್ಮೀ ಗಡಿನಾಡಿನ ಯಾವ ಕನ್ನಡ ಮನೆಯ ಅಂಗಳದಲ್ಲಿ ನಿಂತು ನೋಡಿದರೂ ಮನೆಯ ಮೇಲೆ ಬಾಗಿದ ಒಂದು ಮಾವೋ ಹಲಸೋ ಕಣ್ಣಿಗೆ ಬೀಳದಿರದು.

ಈ ವರುಷ ಆ ಕೊಂಬೆ ಇಳಿಯಿತು. ಅದನ್ನು ಇಳಿಸಿದ ಬಗೆಯನ್ನು ಕಣ್ಣಾರೆ ಕಂಡ ಮೇಲೆ, ಅದರ ಹಿಂದಿರುವ ವಿದ್ಯೆಯನ್ನು ಕುರಿತು ನಾಲ್ಕು ಮಾತು ಬರೆಯದಿರುವುದು ನಮ್ಮಿಂದಾಗಲಿಲ್ಲ.

ತಳೆ ಕೊಡದ ಆಸರೆ

ಮರ ಹತ್ತುವುದು ನಮ್ಮ ಸೀಮೆಗೆ ಹೊಸತಲ್ಲ. ಅಡಿಕೆ ತೆಂಗುಗಳೇ ಜೀವನವಾಗಿರುವ ಈ ನೆಲದಲ್ಲಿ ಹತ್ತುವವರ ಕೈಕಾಲುಗಳ ಮೇಲೆಯೇ ತಲೆಮಾರುಗಳ ಸಂಸಾರ ನಿಂತಿದೆ. ಎರಡು ಪಾದಗಳನ್ನು ಒಟ್ಟಿಗೆ ಬಿಗಿಯುವ ಒಂದು ಬಳೆಯಂತಹ ತಳೆ, ಸೊಂಟದಲ್ಲೊಂದು ಕತ್ತಿ, ಇಷ್ಟೇ ಸಾಧನ. ಪಾದಗಳು ಮರವನ್ನು ಇಕ್ಕುಳದಂತೆ ಹಿಡಿಯುತ್ತವೆ, ತೋಳುಗಳು ಅಪ್ಪುತ್ತವೆ, ದೇಹ ಗೇಣುಗೇಣಾಗಿ ಮೇಲೇರುತ್ತದೆ. ಅಡಿಕೆ ಮರದ ತುದಿಯಲ್ಲಿದ್ದುಕೊಂಡೇ ಅದನ್ನು ತೂಗಿ ಪಕ್ಕದ ಮರಕ್ಕೆ ದಾಟುವವರನ್ನು ಬಾಲ್ಯದಲ್ಲಿ ನಾವು ಬಾಯಿ ತೆರೆದು ನೋಡಿದ್ದುಂಟು. ಇಂದಿಗೂ ಅಂಥವರು ಇದ್ದಾರೆ, ಆದರೆ ಬೆರಳೆಣಿಕೆಯಷ್ಟು.

ಈ ವಿದ್ಯೆಯಲ್ಲಿ ಒಂದು ಕೊರತೆಯಿದೆ. ನಮ್ಮ ಕಣ್ಣಿಗೆ ಅದು ಅಭ್ಯಾಸಬಲದಿಂದ ಕಾಣದೆ ಹೋಗಿದೆ. ತಳೆ ಹತ್ತಲು ನೆರವಾಗುತ್ತದೆ, ಆದರೆ ಬೀಳುವುದನ್ನು ತಡೆಯುವುದಿಲ್ಲ. ಹತ್ತುವವನ ಪ್ರಾಣ ಆತನ ಸ್ವಂತ ತೋಳಿನ ಬಲವನ್ನಷ್ಟೇ ನಂಬಿರುತ್ತದೆ. ಪಾಚಿ ಕಟ್ಟಿದ ಮರ, ಕಣಜದ ಒಂದು ಕಡಿತ, ಗಳಿಗೆಯ ತಲೆಸುತ್ತು. ಇವುಗಳಲ್ಲಿ ಒಂದೇ ಸಾಕು. ಮೇಲಾಗಿ ತಳೆ ಕವಲಿಲ್ಲದ ನೆಟ್ಟನೆಯ ಮರದ ಸಾಧನ. ಮಾವು ಹಲಸುಗಳಂತಹ ಕವಲೊಡೆದ ಮರದಲ್ಲಿ ಅದರ ಉಪಯೋಗ ಮೊದಲ ಕವಲಿನವರೆಗೆ ಮಾತ್ರ. ಅಲ್ಲಿಂದಾಚೆಗೆ ಬರಿಗಾಲು, ಬರಿಗೈ.

ನಮ್ಮ ನೆರೆಯೂರಿನಲ್ಲಿ ಮೂವತ್ತು ವರುಷ ಅಡಿಕೆ ತೆಂಗು ಹತ್ತಿದ ಒಬ್ಬರಿದ್ದಾರೆ. ಅಡಿಕೆ ಮರದಿಂದ ಅವರು ಒಮ್ಮೆಯೂ ಬಿದ್ದವರಲ್ಲ. ಮೂರು ವರುಷಗಳ ಹಿಂದೆ, ಮನೆಯೊಂದರ ಮೇಲೆ ಬಾಗಿದ ಮಾವಿನ ಕೊಂಬೆಯನ್ನು ಕಡಿಯಲು ಹೋದಾಗ, ಕಡಿದ ಕೊಂಬೆ ಕಳಚುವಾಗ ಬುಡದ ಕೊಂಬೆ ಮೇಲಕ್ಕೆ ಚಿಮ್ಮಿ ಅವರನ್ನು ಎಸೆಯಿತು. ಬೆನ್ನೆಲುಬಿಗೆ ಪೆಟ್ಟಾಗಿ ಅಂದಿನಿಂದ ಅವರು ಮಲಗಿದಲ್ಲಿಂದ ಏಳಲು ಎರಡಾಳಿನ ನೆರವು ಬೇಕು. ಆ ಮನೆಯವರು ಆಸ್ಪತ್ರೆಯ ಖರ್ಚಿನಲ್ಲಿ ಪಾಲು ಕೊಟ್ಟರು, ಊರಿನವರು ಮರುಗಿದರು. ಮುಂದಿನ ಬೇಸಗೆಯಲ್ಲಿ ನಾವೆಲ್ಲರೂ ಮತ್ತೊಬ್ಬ ಹತ್ತುವವರನ್ನು ಹುಡುಕಿದೆವು. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೀಗೆಯೇ.

ತೆಂಗಿನ ವಿಷಯದಲ್ಲಿ ಸ್ವಲ್ಪ ಪ್ರಯತ್ನಗಳು ನಡೆದಿವೆ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಎಂಬ ಕೃಷಿಕರು ರೂಪಿಸಿದ, ಎರಡು ಕಾಲುಗಳಿಗೆ ಎರಡು ಬಿಡಿಭಾಗಗಳುಳ್ಳ ಹತ್ತುವ ಯಂತ್ರ ಇಂದು ದೂರದೂರಕ್ಕೆ ಹೋಗಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಯೋಜನೆಯನ್ನು ಆರಂಭಿಸಿ, ಆರು ದಿನಗಳ ತರಬೇತಿಯಲ್ಲಿ ಈ ಯಂತ್ರದ ಬಳಕೆಯನ್ನು ತರುಣ ತರುಣಿಯರಿಗೆ ಕಲಿಸಿತು. ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ವಿಮೆಯನ್ನೂ ತಂದಿತು. ಅಡಿಕೆಗೆ ಈಚೆಗೆ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದು, ನೆಲದಲ್ಲಿ ನಿಂತೇ ಗೊನೆ ಕೊಯ್ಯುವುದೂ ಕೊಳೆರೋಗಕ್ಕೆ ಮದ್ದು ಬಿಡುವುದೂ ಸಾಧ್ಯವಾಗಿದೆ. (ಆ ದೋಟಿಯಲ್ಲಿ ವಿದ್ಯುತ್ತು ಹರಿಯುತ್ತದೆ, ತೋಟದ ಮೇಲೆ ತಂತಿ ಹಾದುಹೋಗುವವರು ಇದನ್ನು ಮರೆಯಬಾರದು.) ಆದರೆ ಮನೆಯಂಗಳದ ಹಲಸಿಗೆ ಯಂತ್ರವೂ ಇಲ್ಲ, ದೋಟಿಯೂ ಇಲ್ಲ.

ಗುಹೆಯಿಂದ ಮರಕ್ಕೆ

ಹೀಗಿರುವಾಗ, ಹೊರದೇಶದಲ್ಲಿ ಎರಡು ವರುಷ ಮರಗೆಲಸದವರೊಡನೆ ದುಡಿದು ಬಂದ ನಮ್ಮ ಸೋದರಳಿಯ ಕಳೆದ ಮಕರ ಮಾಸದಲ್ಲಿ ಒಂದು ದೊಡ್ಡ ಚೀಲವನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದ. ಚೀಲದೊಳಗೆ ಕಿರುಬೆರಳಿನ ಗಾತ್ರದ ಹಗ್ಗ, ಸೊಂಟಕ್ಕೂ ತೊಡೆಗಳಿಗೂ ಬಿಗಿಯುವ ಪಟ್ಟಿ, ಕೊಂಡಿಗಳು, ಶಿರಸ್ತ್ರಾಣ, ಹಲ್ಲುಳ್ಳ ಸಣ್ಣಸಣ್ಣ ಹಿಡಿಕೆಗಳು. “ಮಾವ, ಇನ್ನು ನಾನು ಇದನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆ” ಎಂದ. ನಮ್ಮ ತಂಗಿ ಒಂದು ವಾರ ಅವನೊಡನೆ ಸರಿಯಾಗಿ ಮಾತನಾಡಲಿಲ್ಲ. ಮರ ಹತ್ತುವುದು ನಮ್ಮ ಮನೆಗಳಲ್ಲಿ ಸದಾ ಅನ್ಯರ ಕೆಲಸವಾಗಿತ್ತಷ್ಟೆ! ಅನ್ಯರ ಮಕ್ಕಳು ಹತ್ತುವಾಗ ಉಂಟಾಗದ ಭಯ ನಮ್ಮ ಮಗ ಹತ್ತುತ್ತೇನೆಂದಾಗ ಉಂಟಾಯಿತು.

ಆತ ಕಲಿತು ಬಂದದ್ದು ‘ಸಿಂಗಲ್ ರೋಪ್ ಟೆಕ್ನಿಕ್’, ಸಂಕ್ಷೇಪವಾಗಿ ಎಸ್.ಆರ್.ಟಿ. ಕನ್ನಡದಲ್ಲಿ ಒಂಟಿ ಹಗ್ಗದ ಆರೋಹಣವೆನ್ನೋಣ. ಇದರ ಹುಟ್ಟು ಮರದಲ್ಲಲ್ಲ. ಪರ್ವತಗಳಲ್ಲಿಯೂ ನೆಲದಡಿಯ ಗುಹೆಗಳಲ್ಲಿಯೂ. ಆಸ್ಟ್ರಿಯಾ ದೇಶದ ಕಾರ್ಲ್ ಪ್ರುಸಿಕ್ ಎಂಬ ಪರ್ವತಾರೋಹಿ 1931ರಲ್ಲಿ ಒಂದು ಗಂಟನ್ನು ಪ್ರಕಟಿಸಿದರು. ದಪ್ಪ ಹಗ್ಗದ ಮೇಲೆ ತೆಳು ಹಗ್ಗದ ಕುಣಿಕೆಯನ್ನು ಸುತ್ತಿ ಕಟ್ಟುವ ಈ ಗಂಟು, ಭಾರ ಬಿದ್ದಾಗ ಕಚ್ಚಿಕೊಳ್ಳುತ್ತದೆ, ಭಾರ ತೆಗೆದಾಗ ಜಾರುತ್ತದೆ. ಪ್ರುಸಿಕ್ ಅವರು ಸಂಗೀತದ ಉಪಾಧ್ಯಾಯರಾಗಿದ್ದರು, ವಾದ್ಯಗಳ ಕಡಿದ ತಂತಿಗಳನ್ನು ಕಟ್ಟುತ್ತಿದ್ದಾಗ ಈ ಗಂಟು ಹೊಳೆಯಿತೆಂಬ ಮಾತೂ ಉಂಟು. ಅದೇ ಕೆಲಸವನ್ನು ಲೋಹದಲ್ಲಿ ಮಾಡುವ ಹಲ್ಲಿನ ಹಿಡಿಕೆಯನ್ನು ಸ್ವಿಟ್ಜರ್ಲೆಂಡಿನ ಯುಸಿ ಮತ್ತು ಮಾರ್ಟಿ ಎಂಬಿಬ್ಬರು 1958ರಲ್ಲಿ ಹೊರತಂದರು. ಅವರ ಹೆಸರುಗಳ ಮೊದಲಕ್ಷರಗಳು ಸೇರಿಯೇ ಅದು ‘ಜುಮಾರ್’ ಆಯಿತು. ಯುಸಿ ಹದ್ದುಗಳ ಅಧ್ಯಯನಕ್ಕಾಗಿ ಬಂಡೆಗಳಲ್ಲಿ ಹಗ್ಗದಿಂದ ತೂಗಾಡಬೇಕಾಗಿದ್ದವರು.

ಇವುಗಳ ಬಲದಿಂದ ಗುಹೆಯವರು ನೂರಾರು ಅಡಿ ಆಳಕ್ಕೆ ಒಂದೇ ಹಗ್ಗದಲ್ಲಿ ಇಳಿದು ಹತ್ತಿದರು. ಅವರಿಂದ ಇದನ್ನು ಎರವಲು ಪಡೆದವರು ಕಾಡಿನ ವಿಜ್ಞಾನಿಗಳು. ಮಧ್ಯ ಅಮೆರಿಕದ ಮಳೆಕಾಡಿನ ಮರಗಳ ತುದಿಗೆ ಹಗ್ಗದಿಂದ ಏರುವ ಕ್ರಮವನ್ನು ಡೊನಾಲ್ಡ್ ಪೆರಿ ಎಂಬವರು 1978ರಲ್ಲಿ ಬರೆದು ಪ್ರಕಟಿಸಿದರು. ನಮ್ಮ ಪಶ್ಚಿಮ ಘಟ್ಟದಲ್ಲಿಯೂ, ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಅರಣ್ಯದ ಕಾಕಚ್ಚಿ ಎಂಬಲ್ಲಿ, ಸೌಭದ್ರಾ ದೇವಿ ಮತ್ತು ಟಿ. ಗಣೇಶ್ ಎಂಬ ವಿಜ್ಞಾನಿಗಳು ಹಗ್ಗದಿಂದಲೇ ಮರದ ತಲೆಗೇರಿ, ಅಲ್ಲಿನ ಹೂವುಗಳಿಗೆ ಬರುವ ಜೇನು ಜೀರುಂಡೆಗಳನ್ನು ಅಭ್ಯಸಿಸಿದರು. ಇವರು ಬೆಂಗಳೂರಿನ ‘ಏಟ್ರೀ’ ಸಂಶೋಧನ ಸಂಸ್ಥೆಯವರು.

ವಿಚಿತ್ರವೆಂದರೆ, ಮರಗೆಲಸವೇ ವೃತ್ತಿಯಾಗಿದ್ದ ಪಾಶ್ಚಾತ್ಯರು ಇದನ್ನು ಕೊನೆಗೆ ಕೈಗೆತ್ತಿಕೊಂಡರು. ಅವರಲ್ಲಿ ಬೇರೊಂದು ಕ್ರಮ ರೂಢಿಯಲ್ಲಿತ್ತು. ಹಗ್ಗವನ್ನು ಮೇಲಿನ ಕವಲಿನ ಮೇಲೆ ಹಾಯಿಸಿ, ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿ, ಇನ್ನೊಂದು ಎಳೆಯನ್ನು ಗಂಟಿನಿಂದ ಹಿಡಿದು ತನ್ನನ್ನು ತಾನೇ ಎಳೆದುಕೊಳ್ಳುವುದು. ಬಾವಿಯ ರಾಟೆಯಂತೆ ಹಗ್ಗ ಕವಲಿನ ಮೇಲೆ ಓಡುತ್ತಿರುತ್ತದೆ. ಭಾರ ಎರಡೆಳೆಗಳಿಗೆ ಹಂಚಿಹೋಗುವುದರಿಂದ ತೋಳಿಗೆ ಹಗುರ. ಆದರೆ ಒಂದು ಮೀಟರು ಏರಲು ಎರಡು ಮೀಟರು ಹಗ್ಗ ಎಳೆಯಬೇಕು, ತೊಗಟೆಯೂ ಹಗ್ಗವೂ ಉಜ್ಜಿ ಸವೆಯುತ್ತವೆ. ಒಂಟಿ ಹಗ್ಗದಲ್ಲಾದರೋ ಹಗ್ಗ ಅಲುಗದೆ ನಿಂತಿರುತ್ತದೆ, ಮನುಷ್ಯ ಅದರ ಮೇಲೆ ನಡೆದು ಹೋಗುತ್ತಾನೆ. ಈಗೀಗ ಇದನ್ನು ‘ನಿಂತ ಹಗ್ಗದ ಕ್ರಮ’ವೆಂದು ಕರೆಯುವವರೇ ಹೆಚ್ಚಂತೆ, ಹಗ್ಗ ಒಂದೋ ಎರಡೋ ಎಂಬುದಕ್ಕಿಂತ ಅದು ನಿಂತಿದೆಯೋ ಓಡುತ್ತಿದೆಯೋ ಎಂಬುದೇ ಮುಖ್ಯವೆಂಬ ಕಾರಣಕ್ಕೆ.

ಇಷ್ಟು ಅನುಕೂಲವಾದುದನ್ನು ಮರಗೆಲಸದವರು ಬಹುಕಾಲ ಬಳಸದಿದ್ದುದೇಕೆ? ಗುಹೆಯವನಿಗೆ ಏರುವುದಕ್ಕೊಂದು, ಇಳಿಯುವುದಕ್ಕೊಂದು ಬೇರೆಬೇರೆ ಸಾಧನ ಸಾಕು. ಮರಗೆಲಸದವನು ಹಾಗಲ್ಲ; ಎರಡಡಿ ಏರಿ, ಮೂರಡಿ ಇಳಿದು, ಕೊಂಬೆಯುದ್ದಕ್ಕೂ ನಡೆದು, ಮತ್ತೆ ಹಿಂದೆ ಬರಬೇಕು. ಒಂಟಿ ಹಗ್ಗದಲ್ಲಿ ಪೂರ್ತಿ ಭಾರ ಒಂದೇ ಗಂಟಿನ ಮೇಲೆ ಬಿದ್ದು ಅದು ಬಿಗಿದುಕೊಂಡುಬಿಡುತ್ತಿತ್ತು, ಇಳಿಯಬೇಕೆಂದಾಗ ಜಾರುತ್ತಿರಲಿಲ್ಲ. ಅಮೆರಿಕದ ಕೆವಿನ್ ಬಿಂಗ್‌ಹ್ಯಾಮ್ ಎಂಬ ಮರಗೆಲಸದವರು ‘ರೋಪ್ ರೆಂಚ್’ ಎಂಬ ಚಿಕ್ಕ ಸಾಧನದಿಂದ ಈ ತೊಡಕನ್ನು ಬಿಡಿಸಿದರು. ಗಂಟಿನ ಮೇಲ್ಗಡೆ ಕುಳಿತು ಅದು ಹಗ್ಗವನ್ನು ತುಸು ಬಾಗಿಸುತ್ತದೆ. ಆ ಬಾಗಿನ ಘರ್ಷಣೆ ಭಾರದಲ್ಲೊಂದು ಪಾಲನ್ನು ಹೊರುತ್ತದೆ. ಗಂಟು ಸಡಿಲವಾಗಿಯೇ ಉಳಿಯುತ್ತದೆ. ಅದು ಬಂದು ಇನ್ನೂ ಎರಡು ದಶಕವಾಗಿಲ್ಲ. ಹಾಗಾಗಿ ಈ ವಿದ್ಯೆಯಲ್ಲಿ ಲೋಕವೇ ನಮಗಿಂತ ಬಹಳ ಮುಂದಿದೆಯೆಂದು ಕುಗ್ಗಬೇಕಾದುದಿಲ್ಲ.

ಎಂಟು ದಿನ ನೆಲದ ಮೇಲೆ

ಅಳಿಯ ಬಂದ ಮರುದಿನವೇ ಹಲಸನ್ನು ಹತ್ತಿಯಾನೆಂದು ನಾವು ಕಾದಿದ್ದೆವು. ಆತ ಹತ್ತಲಿಲ್ಲ. ನೆಲದಾಳಾಗಿ ಕೆಲಸ ಮಾಡಲು ಒಪ್ಪಿದ ಇಬ್ಬರು ಹುಡುಗರಿಗೆ ಎಂಟು ದಿನ ಅಂಗಳದಲ್ಲಿಯೇ ಪಾಠ ಹೇಳಿದ. ನಮ್ಮ ತೋಟದ ಅಡಿಕೆ ಕೊಯ್ಯುವ ಹಿರಿಯರೂ ಕೆಲಸ ಮುಗಿಸಿ ಹೋಗುವಾಗ ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದರು.

ಮೊದಲ ಪಾಠ ಹಗ್ಗದ್ದು. ಬಾವಿಗೋ ದನಕ್ಕೋ ಅಂಗಡಿಯಲ್ಲಿ ದೊರೆಯುವ ಹಳದಿ ಪ್ಲಾಸ್ಟಿಕ್ ಹಗ್ಗ ಈ ಕೆಲಸಕ್ಕೆ ಸರ್ವಥಾ ಸಲ್ಲದು. ಅದು ಬಿಸಿಲಿಗೆ ಸೊರಗುತ್ತದೆ, ಉಜ್ಜಿದ ಬಿಸಿಗೆ ಕರಗುತ್ತದೆ. ಬೇಕಾದುದು ನೈಲಾನ್ ಅಥವಾ ಪಾಲಿಯೆಸ್ಟರಿನ, ಒಳಗೊಂದು ತಿರುಳು ಹೊರಗೊಂದು ಹೆಣೆದ ಕವಚವಿರುವ, ಹಿಗ್ಗು ಕಡಮೆಯಾದ ಹಗ್ಗ. 11ರಿಂದ 13 ಮಿಲಿಮೀಟರು ಗಾತ್ರದ್ದು. ಐರೋಪ್ಯ ಮಾನದಂಡದಂತೆ ಇಂಥ ಹಗ್ಗ ಸುಮಾರು 2,200 ಕಿಲೋಗ್ರಾಮಿನ ಎಳೆತವನ್ನು ತಡೆದುಕೊಳ್ಳಬೇಕು. ಎಂಬತ್ತು ಕಿಲೋ ತೂಗುವವನಿಗೆ ಇಷ್ಟೇಕೆ ಎಂದು ಹುಡುಗನೊಬ್ಬ ಕೇಳಿದ. ಗಂಟು ಹಾಕಿದಲ್ಲಿ ಹಗ್ಗದ ಬಲ ಕುಗ್ಗುತ್ತದೆ, ಕಾಲ ಕಳೆದಂತೆ ಕುಗ್ಗುತ್ತದೆ, ಜಗ್ಗಿದಾಗ ಭಾರ ಹಲವು ಪಟ್ಟಾಗುತ್ತದೆ; ಇವೆಲ್ಲವನ್ನೂ ಕಳೆದು ಉಳಿಯುವುದೇ ನಿನ್ನ ಪ್ರಾಣ ಎಂದ ಅಳಿಯ.

ಎರಡನೆಯದು ಎಸೆತ. ಹತ್ತುವ ಮೊದಲೇ ಹಗ್ಗ ಮೇಲಿರಬೇಕು. ಈ ವಿದ್ಯೆಯ ತಿರುಳೇ ಅದು. ಮುನ್ನೂರು ನಾನೂರು ಗ್ರಾಂ ತೂಕದ ಗುಂಡುಗಳ ಪುಟ್ಟ ಚೀಲವನ್ನು ತೆಳುದಾರದ ತುದಿಗೆ ಕಟ್ಟಿ, ಕಾಲುಗಳ ನಡುವೆ ತೂಗಿ, ಮೂವತ್ತು ನಾಲ್ವತ್ತು ಅಡಿ ಮೇಲಿನ ಆರಿಸಿದ ಕವಲಿಗೆ ಎಸೆಯುತ್ತಾರೆ. ದಾರ ದಾಟಿದ ಮೇಲೆ ಅದಕ್ಕೆ ಹಗ್ಗವನ್ನು ಕಟ್ಟಿ ಎಳೆಯುತ್ತಾರೆ. ನೋಡಲು ಮಕ್ಕಳ ಆಟ. ಮಾಡಲು ಹೋದರೆ ಮೊದಲ ದಿನವೆಲ್ಲ ಚೀಲ ಎಲ್ಲೆಲ್ಲಿಯೋ ಸಿಕ್ಕಿಕೊಳ್ಳುತ್ತದೆ. ನಾವೂ ಒಮ್ಮೆ ಎಸೆದೆವು. ಅದು ಕೊಟ್ಟಿಗೆಯ ಮಾಡಿನ ಎರಡು ಹಂಚುಗಳನ್ನು ಒಡೆಯಿತು.

ಮೂರನೆಯದು ಕವಲಿನ ಲೆಕ್ಕ. ಕವಲಿನ ಮೇಲೆ ಹಾದು ಕೆಳಬಂದ ಹಗ್ಗದ ಒಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿ ಇನ್ನೊಂದು ಎಳೆಯಲ್ಲಿ ಏರುವುದು ಒಂದು ಕ್ರಮ. ಆಗ ಎಪ್ಪತ್ತೈದು ಕಿಲೋ ತೂಗುವವನು ಹಗ್ಗದಲ್ಲಿ ತೂಗಿದರೆ ಬುಡದ ಎಳೆಯೂ ಅಷ್ಟೇ ಬಲದಿಂದ ಕೆಳಕ್ಕೆ ಜಗ್ಗುತ್ತದೆ. ಮೇಲಿನ ಕವಲಿನ ಮೇಲೆ ಬೀಳುವ ಭಾರ ಹತ್ತಿರಹತ್ತಿರ ನೂರೈವತ್ತು ಕಿಲೋ. ಇದನ್ನು ಅರಿಯದೆ ಒಂಟಿ ಹಗ್ಗವನ್ನು ಹಿಡಿದವನು ಕೊಂಬೆಯೊಡನೆ ಕೆಳಗೆ ಬರುತ್ತಾನೆ. ಹಗ್ಗವನ್ನು ಮೇಲಿನ ಕವಲಿಗೇ ಕುಣಿಕೆಯಾಗಿ ಬಿಗಿದರೆ ಕವಲಿನ ಮೇಲೆ ಅವನ ತೂಕ ಮಾತ್ರ. ಹಾಗಿದ್ದರೆ ಬುಡದ ಕಟ್ಟು ಏಕೆ ಬೇಕು? ಮೇಲಿರುವವನು ಮೂರ್ಛೆ ಹೋದರೆ, ಕೆಳಗಿನವನು ಬುಡದ ಕಟ್ಟನ್ನು ಕ್ರಮವಾಗಿ ಸಡಿಲಿಸಿ ಅವನನ್ನು ನೆಲಕ್ಕೆ ಇಳಿಸಬಹುದು, ಅದಕ್ಕಾಗಿ. ಎರಡಕ್ಕೂ ಗುಣವಿದೆ, ಎರಡಕ್ಕೂ ದೋಷವಿದೆ. ಬುಡದ ಕಟ್ಟಿಗೆ ಕೆಳಗೆ ಕೊಂಬೆ ತುಂಡರಿಸುವವನ ಗರಗಸ ತಾಗುವ ಅಪಾಯವೂ ಇದೆ. ಯಾವುದೇ ಆದರೂ, ಏರುವ ಮೊದಲು ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ಜಗ್ಗಿ ನೋಡತಕ್ಕದ್ದು.

ಆಮೇಲೆ ಏರುವುದು. ಒಂದು ಪಾದಕ್ಕೊಂದು ಹಲ್ಲಿನ ಹಿಡಿಕೆ, ಇನ್ನೊಂದು ಕಾಲಿನ ಮೊಣಕಾಲ ಬಳಿ ಮತ್ತೊಂದು. ಮೆಟ್ಟಿಲೇರಿದಂತೆ ಎಡ ಬಲ ಎಂದು ಕಾಲೆತ್ತಿ ಇಟ್ಟರೆ ದೇಹ ಮೇಲೇರುತ್ತದೆ. ತೋಳಿನ ಬಲವಲ್ಲ, ಕಾಲಿನ ಬಲ. ಇದನ್ನು ಕಲಿಯಲು ಹುಡುಗರಿಗೆ ಅರ್ಧ ದಿನವೂ ಹಿಡಿಯಲಿಲ್ಲ. ಹೆಚ್ಚು ಕಾಲ ಹಿಡಿದದ್ದು ಇಳಿಯುವುದು, ನಿಲ್ಲುವುದು, ಮತ್ತು ಕೆಲವು ನಿಷೇಧಗಳನ್ನು ಮೈಗೂಡಿಸಿಕೊಳ್ಳುವುದು. ಹಗ್ಗ ಕಟ್ಟಿದ ಕವಲಿಗಿಂತ ಮೇಲೆ ಹೋಗಬಾರದು. ಈ ಹಗ್ಗ ಹಿಗ್ಗದ ಕಾರಣ, ಸಡಿಲಾದ ಹಗ್ಗದ ಮೇಲೆ ಬಿದ್ದರೆ ಬೆನ್ನೆಲುಬೇ ಮುರಿದೀತು. ಗರಗಸ ಕೈಗೆ ಬರುವ ಮೊದಲು ಸೊಂಟದಿಂದ ಮರಕ್ಕೆ ಎರಡನೆಯ ಕಟ್ಟು ಇರಲೇಬೇಕು. ಬಿಗಿದ ಹಗ್ಗಕ್ಕೆ ಗರಗಸದ ಹಲ್ಲು ತಾಗಿದರೆ ಸಾಕು, ಅದು ಕ್ಷಣದಲ್ಲಿ ಹರಿಯುತ್ತದೆ. ತನ್ನ ಹಗ್ಗವನ್ನು ತಾನೇ ಕೊಯ್ದುಕೊಂಡು ಬಿದ್ದವರು ಈ ವೃತ್ತಿಯಲ್ಲಿ ಅಪರೂಪವಲ್ಲ. ಬ್ರಿಟನ್ನಿನಲ್ಲಿ 2005ರ ಎತ್ತರದ ಕೆಲಸದ ನಿಯಮಗಳು ಹಗ್ಗದ ಮೇಲೆ ದುಡಿಯುವವನಿಗೆ ಬೇರೆಬೇರೆ ಕಡೆ ಕಟ್ಟಿದ ಎರಡು ಹಗ್ಗಗಳಿರಬೇಕೆಂಬುದನ್ನೇ ಸಾಮಾನ್ಯ ನಿಯಮವಾಗಿ ವಿಧಿಸಿವೆ.

ಇನ್ನೊಂದು ವಿಷಯ ನಮಗೆ ತೀರ ಹೊಸತಾಗಿತ್ತು. ಪಟ್ಟಿಯಲ್ಲಿ ಅಲ್ಲಾಡದೆ ತೂಗುತ್ತಿರುವವನ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಅವನು ಎಚ್ಚರ ತಪ್ಪಬಹುದು. ತಡವಾದರೆ ಪ್ರಾಣವೇ ಹೋಗಬಹುದು. ಬೀಳಲಿಲ್ಲವೆಂದರೆ ಬದುಕಿದನೆಂದು ಅರ್ಥವಲ್ಲ. ಆದಕಾರಣ ಮರದ ಮೇಲೆ ಒಬ್ಬ ಹೋದರೆ, ಮೇಲೇರಿ ಅವನನ್ನು ಇಳಿಸಬಲ್ಲ ಇನ್ನೊಬ್ಬ ನೆಲದಲ್ಲಿರಲೇಬೇಕು. ಎಂಟು ದಿನಗಳಲ್ಲಿ ಪೂರ್ತಿ ಮೂರು ದಿನ ಇದರ ಅಭ್ಯಾಸವೇ ನಡೆಯಿತು. ಅಳಿಯ ಮೂರ್ಛೆ ಹೋದವನಂತೆ ನಟಿಸುವುದು, ಹುಡುಗರು ಇಳಿಸುವುದು. ಅಂತಾರಾಷ್ಟ್ರೀಯ ಮರಗೆಲಸದವರ ಸಂಘವೊಂದು 1976ರಿಂದ ನಡೆಸುತ್ತ ಬಂದಿರುವ ಆರೋಹಣ ಸ್ಪರ್ಧೆಯಲ್ಲಿಯೂ ಗಾಯಾಳುವನ್ನು ಮರದಿಂದ ಇಳಿಸುವುದೇ ಒಂದು ಪ್ರತ್ಯೇಕ ಪಂದ್ಯವಂತೆ. ಅಂಗಳದ ಈ ನಾಟಕವನ್ನು ಕಿಟಕಿಯಿಂದ ನೋಡುತ್ತಿದ್ದ ನಮ್ಮ ತಂಗಿ ಮೂರನೆಯ ದಿನ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟಳು.

ಹಗ್ಗ ಅರಿಯದ ಮರ

ಒಂಬತ್ತನೆಯ ದಿನ ಅಳಿಯ ಹಲಸಿನಲ್ಲಿ ಒಂದು ಎತ್ತರದ ಕವಲನ್ನು ಆರಿಸಿ, ದಾರ ದಾಟಿಸಿ, ಹಗ್ಗವನ್ನು ಏರಿಸಿದ. ಇಬ್ಬರು ಜಗ್ಗಿಯೂ ನೋಡಿದರು. ಎಲ್ಲವೂ ಸರಿಯಾಗಿತ್ತು. ಆಗ ಅಡಿಕೆ ಕೊಯ್ಯುವ ಹಿರಿಯರು ಮುಂದೆ ಬಂದು, “ಅಣ್ಣೇರೇ, ಆ ಕವಲು ಬೇಡ” ಎಂದರು. ಏಕೆಂದು ಕೇಳಿದ್ದಕ್ಕೆ, ಆ ಕವಲಿನ ಕೆಳಗೆ ಹಿಂದಿನ ವರುಷ ಮರಕುಟಿಗ ತೂತು ಕೊರೆದಿತ್ತೆಂದೂ, ಮಳೆನೀರು ಒಳಗಿಳಿದಿರಬೇಕೆಂದೂ, ಬೆಳಗಿನ ಹೊತ್ತು ಅಲ್ಲಿಂದ ಕಪ್ಪು ರಸ ಒಸರುವುದನ್ನು ತಾವು ಕಂಡಿರುವುದಾಗಿಯೂ ಹೇಳಿದರು. ಅಳಿಯ ಮರುಮಾತಿಲ್ಲದೆ ಹಗ್ಗವನ್ನು ಇಳಿಸಿ ಬೇರೆ ಕವಲಿಗೆ ಹಾಕಿದ. ಸಂಜೆ ಮೇಲಿನಿಂದ ಆ ಕವಲಿನೊಳಗೆ ಕೋಲು ಚುಚ್ಚಿ ನೋಡಿದಾಗ ಅದು ಮೊಣಕೈಯಷ್ಟು ಆಳಕ್ಕೆ ಇಳಿಯಿತು.

ನಮ್ಮ ಮಟ್ಟಿಗೆ ಇಡೀ ಕಲಿಕೆಯಲ್ಲಿ ಇದೇ ಬೆಲೆಯುಳ್ಳ ಗಳಿಗೆ. ಹಗ್ಗಕ್ಕೆ ಮರದ ಗುಣ ತಿಳಿಯದು. ನುಗ್ಗೆ, ನೇರಳೆ, ಗೇರು ಹೇಳದೆ ಕೇಳದೆ ಫಕ್ಕನೆ ಮುರಿಯುತ್ತವೆ. ಹುಣಸೆ ಬಾಗಿಯಾದರೂ ತಾಳುತ್ತದೆ. ಯಾವ ತಿಂಗಳಲ್ಲಿ ಚಗಳಿ ಇರುವೆ ಎಲೆ ಹೆಣೆದು ಗೂಡು ಕಟ್ಟುತ್ತದೆ, ಹೆಜ್ಜೇನು ಯಾವ ಮಗ್ಗುಲಿಗೆ ಕೂರುತ್ತದೆ. ಇವು ನಮ್ಮ ಹತ್ತುವವರ ಅಂಗಾಲಿನಲ್ಲಿರುವ ಜ್ಞಾನ. ಹೊರದೇಶದ ತರಬೇತಿಯಲ್ಲಿ ಕಲಿಸಿದ್ದು ಅಲ್ಲಿಯ ಓಕು ಬೀಚುಗಳ ಗುಣವನ್ನು. ಮರವನ್ನು ಬಲ್ಲವರ ಕೈಯಲ್ಲಿ ಹಗ್ಗವಿಲ್ಲ, ಹಗ್ಗವುಳ್ಳವನಿಗೆ ಈ ಮರಗಳು ತಿಳಿಯವು. ಇಬ್ಬರೂ ಒಂದೇ ಅಂಗಳದಲ್ಲಿ ನಿಂತುದರಿಂದ ಅಂದು ಅನಾಹುತ ತಪ್ಪಿತು.

ಕೊಂಬೆಯನ್ನು ಇಳಿಸಿದ ಕ್ರಮವನ್ನೂ ಹೇಳಬೇಕು, ಏಕೆಂದರೆ ನೆರೆಯೂರಿನವರನ್ನು ಎಸೆದದ್ದು ಕೊಂಬೆಯೇ. ಒಂದೇ ಸಲಕ್ಕೆ ಬುಡದಲ್ಲಿ ಕಡಿಯಲಿಲ್ಲ. ತುದಿಯಿಂದ ಆರಂಭಿಸಿ ತುಂಡುತುಂಡಾಗಿ. ಪ್ರತಿ ತುಂಡನ್ನೂ ಬೇರೆಯೇ ಒಂದು ಹಗ್ಗದಿಂದ ಕಟ್ಟಿ, ಆ ಹಗ್ಗವನ್ನು ಕಾಂಡದ ಬುಡಕ್ಕೆ ನಾಲ್ಕು ಸುತ್ತು ಸುತ್ತಿ, ಕೆಳಗಿನವರು ನಿಧಾನವಾಗಿ ಬಿಡುತ್ತ ಬಂದರು. (ಮನುಷ್ಯ ಏರುವ ಹಗ್ಗದಲ್ಲಿ ಮರ ಇಳಿಸಕೂಡದು, ಮರ ಇಳಿಸಿದ ಹಗ್ಗದಲ್ಲಿ ಮನುಷ್ಯ ಏರಕೂಡದು.) ಕೊಯ್ಯುವಾಗ ಮೊದಲು ಅಡಿಯಿಂದ ಸ್ವಲ್ಪ, ಬಳಿಕ ತುಸು ಆಚೆಗೆ ಮೇಲಿನಿಂದ ಪೂರ್ತಿ, ತೊಗಟೆ ಸಿಬಿರಾಗಿ ಕಿತ್ತು ಬರದಂತೆ. ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಇರುವ ಉಬ್ಬಿದ ಬಳೆಯನ್ನು ಕೆಣಕದೆ ಅದರ ಹೊರಗೆ ಕೊಯ್ದ. ಆ ಬಳೆ ಉಳಿದರೆ ಮರ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬೆಳಗ್ಗೆ ಏಳಕ್ಕೆ ಹಿಡಿದ ಕೆಲಸ ಅಪರಾಹ್ನ ಮೂರಕ್ಕೆ ಮುಗಿಯಿತು. ಒಂದು ಹಂಚೂ ಒಡೆಯಲಿಲ್ಲ; ಒಡೆದದ್ದು ನಮ್ಮಿಂದ ಒಡೆದವೇ ಎರಡು.

ಹಾಗೆಂದು ಈ ಹಗ್ಗ ನಮ್ಮೆಲ್ಲ ಮರಗಳಿಗೂ ಒದಗುವುದೆಂದು ಓದುಗರು ಭಾವಿಸಬಾರದು. ಅಡಿಕೆಗೂ ತೆಂಗಿಗೂ ಕವಲಿಲ್ಲ. ದಾರ ಎಸೆಯಲು ಸ್ಥಳವೇ ಇಲ್ಲ. ಮಡಲಿನ ಬುಡಕ್ಕೆ ಹಗ್ಗ ಹಾಕಿ ಅದನ್ನೇ ಆಸರೆಯೆಂದು ನಂಬುವುದು ಆತ್ಮಹತ್ಯೆಗೆ ಸಮಾನ. ಅಲ್ಲಿ ಸೊಂಟಪಟ್ಟಿಯಿಂದ ಕಾಂಡವನ್ನು ಬಳಸಿ ಬಿಗಿಯುವ ಕಟ್ಟೊಂದನ್ನು ಜೊತೆಜೊತೆಗೇ ಮೇಲಕ್ಕೆ ಸರಿಸಿಕೊಳ್ಳುತ್ತ ಹೋಗುವುದೇ ದಾರಿ. ದಿನಕ್ಕೆ ಹತ್ತಾರು ಅಡಿಕೆ ಮರ ಏರಿಳಿಯುವವರಿಗೆ ಅದು ವಿಳಂಬದ ಕೆಲಸವಾಗಿ ಕಾಣುವುದು ಸಹಜ. ಅಲ್ಲದೆ ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ತೋಟದಲ್ಲಿ ಯಾವ ಕಟ್ಟು ಸರಿದೀತು? ಇದಕ್ಕೆ ಅಳಿಯನ ಬಳಿಯೂ ಉತ್ತರವಿರಲಿಲ್ಲ. ಸಾಮಗ್ರಿಯ ಬೆಲೆಯೂ ಹಗುರದ್ದಲ್ಲ. ಒಬ್ಬನಿಗೆ ಬೇಕಾದುದನ್ನೆಲ್ಲ ಕೂಡಿಸಿದರೆ ಒಳ್ಳೆಯ ಹಾಲು ಕೊಡುವ ಹಸುವಿನ ಬೆಲೆಗೆ ಕಡಮೆಯಾಗದು. ಒಬ್ಬ ಕೂಲಿಗಾರ ಇದನ್ನು ತಾನೇ ಕೊಳ್ಳಲೆಂದು ನಿರೀಕ್ಷಿಸುವುದು ಅನ್ಯಾಯ. ನಾಲ್ಕು ಮನೆಯವರು ಸೇರಿಯೋ, ಊರಿನ ಸಹಕಾರಿ ಸಂಘದ ಮೂಲಕವೋ ಕೊಂಡಿಡಬಹುದು. ಮದ್ದಿನ ಪಂಪನ್ನು ಹಾಗೆ ಕೊಂಡ ಊರುಗಳು ನಮ್ಮಲ್ಲಿಯೇ ಇಲ್ಲವೇ?

ಕೊಂಬೆಗಳನ್ನೆಲ್ಲ ಬದಿಗೊತ್ತಿದ ಮೇಲೆ, ಆ ಹಿರಿಯರು ತಾವೂ ಒಮ್ಮೆ ಪಟ್ಟಿ ಕಟ್ಟಿ ನೋಡುವುದಾಗಿ ಹೇಳಿದರು. ಅರುವತ್ತು ದಾಟಿದ ವಯಸ್ಸು. ಹಿಡಿಕೆಗಳ ಪರಿಚಯವಾಗಲು ಐದು ನಿಮಿಷ ಹಿಡಿಯಿತು. ಅನಂತರ ನೋಡನೋಡುತ್ತಿದ್ದಂತೆ ಇಪ್ಪತ್ತೈದು ಅಡಿ ಮೇಲಿದ್ದರು. “ಅಜ್ಜಾ, ಇನ್ನು ಕೈ ಬಿಡಿ” ಎಂದು ಅಳಿಯ ಕೆಳಗಿನಿಂದ ಕೂಗಿದ. ಅವರು ಬಿಡಲಿಲ್ಲ. ಎರಡು ಮೂರು ಸಲ ಹೇಳಿದ ಮೇಲೆ ಒಂದು ಕೈ ಬಿಟ್ಟರು. ಸ್ವಲ್ಪ ತಡೆದು ಇನ್ನೊಂದನ್ನೂ ಬಿಟ್ಟು, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಹಾಗೆಯೇ ಕುಳಿತರು. ಇಳಿದು ಬಂದ ಮೇಲೆ ತುಳುವಿನಲ್ಲಿ ಹೇಳಿದ್ದಿಷ್ಟೆ: ನಲ್ವತ್ತು ವರುಷಗಳಲ್ಲಿ ಮರದ ಮೇಲೆ ಎರಡೂ ಕೈ ಬಿಟ್ಟದ್ದು ಇದೇ ಮೊದಲು.

ನಮ್ಮ ತಂಗಿ ಮಗನ ಉದ್ಯೋಗಕ್ಕೆ ಒಪ್ಪಿದ್ದಾಳೆ, ಎರಡು ಕರಾರುಗಳ ಮೇಲೆ. ಒಬ್ಬನೇ ಎಂದಿಗೂ ಹತ್ತಬಾರದು. ಮಳೆ ಬಿದ್ದ ದಿನ ಎಷ್ಟೇ ದೊಡ್ಡವರು ಕರೆಕಳುಹಿದರೂ ಹೋಗಬಾರದು. ಆತನಿಗೆ ಈಗಾಗಲೇ ಹದಿನಾಲ್ಕು ಮನೆಗಳಿಂದ ಕರೆ ಬಂದಿದೆ. ನೆಲದಾಳಾಗಿ ಜೊತೆಗಿರುವ ಇಬ್ಬರು ಹುಡುಗರಲ್ಲಿ ಒಬ್ಬ, ನೆರೆಯೂರಿನಲ್ಲಿ ಮಾವಿನ ಮರದಿಂದ ಬಿದ್ದು ಮಲಗಿರುವವರ ಮಗ. ಸಂಜೆಯ ಹೊತ್ತು ನಮ್ಮ ಅಂಗಳಕ್ಕೆ ಬಂದು ಚೀಲ ಎಸೆಯುವ ಅಭ್ಯಾಸ ಮಾಡುತ್ತಾನೆ. ನಿನ್ನೆ ಹದಿನೇಳನೆಯ ಎಸೆತಕ್ಕೆ ಹಲ್ಸಿನ ಮೇಲಣ ಕವಲು ದಾಟಿತು. ದಾರವನ್ನು ಇಳಿಸಿ, ಸುತ್ತಿ, ಮತ್ತೆ ಮೊದಲಿನಿಂದ ಎಸೆಯತೊಡಗಿದ.